ಕೋಳಿಮರಿಗೆ ಕಾವಿನ ಬಲ್ಬ್: ನಡುವೆ ಕಟ್ಟಬೇಕಾ, ಪಕ್ಕಕ್ಕಾ?

ಬೀದರ್ ಕಡೆಯ ಥಂಡಿ ಗೊತ್ತಲ್ವಾ? ಡಿಸೆಂಬರ್ ರಾತ್ರಿ 10 ಡಿಗ್ರಿ ಹತ್ತಿರ ಇಳಿಯುತ್ತೆ, ಮಧ್ಯಾಹ್ನ ಬಿಸಿಲು ಚುರುಕು. ಹುಟ್ಟಿದ ಮರಿಗೆ ಮೊದಲ ವಾರ ಬೇಕಾದದ್ದು 35 ಡಿಗ್ರಿ, ಹಗಲೂ ರಾತ್ರಿಯೂ.

ಕಳೆದ ಚಳಿಗಾಲ ಭಾಲ್ಕಿ ಹತ್ತಿರದ ನಮ್ಮ ಹೊಲದ ಮನೆಗೆ 60 ಗಿರಿರಾಜ ಮರಿ ತಂದೆ. 30-30 ಪಾಲು ಮಾಡಿ, ತಗಡು ಬಾಗಿಸಿ ನಾಲ್ಕು ಅಡಿ ಅಗಲದ ಎರಡು ಸುತ್ತು ನಿಲ್ಲಿಸಿದೆ. ಮೂಲೆ ಇದ್ದರೆ ಮರಿ ಅಲ್ಲೇ ಒತ್ತಿಕೊಂಡು ಉಸಿರುಗಟ್ಟಿ ಸಾಯುತ್ತವೆ, ಅದಕ್ಕೇ ದುಂಡಗೆ. ಎರಡಕ್ಕೂ 100 ವ್ಯಾಟಿನ ಹಳೇ ನಮೂನೆ ಬಲ್ಬ್. ಎಲ್‌ಇಡಿಯ ಕಾವು ಇದಕ್ಕೆ ಸಾಲದು.

ಒಂದರಲ್ಲಿ ಬಲ್ಬ್ ನಟ್ಟನಡುವೆ. ರಾತ್ರಿಯಿಡೀ ಚೆನ್ನಾಗೇ ಇತ್ತು. ಮಧ್ಯಾಹ್ನ ನೋಡಿದರೆ ಎಲ್ಲ ಮರಿಗಳೂ ತಗಡಿಗೆ ಅಂಟಿ ನಿಂತಿದ್ದವು. ಕೊಕ್ಕು ತೆರೆದು, ಪುಟ್ಟ ರೆಕ್ಕೆ ಇಳಿಬಿಟ್ಟು ತೇಕುತ್ತಿದ್ದವು. ಯಾವ ಕಡೆ ಓಡಿದರೂ ಬಲ್ಬ್ ಎರಡೇ ಅಡಿ ದೂರ, ಪಾಪ. ದಿನಕ್ಕೆ ನಾಲ್ಕು ಸಲ ಏರಿಸಿ ಇಳಿಸಿ ನನಗೇ ಸಾಕಾಯ್ತು.

ಇನ್ನೊಂದರಲ್ಲಿ ಒಂದು ಪಕ್ಕಕ್ಕೆ, ತಗಡಿನಿಂದ ಒಂದು ಅಡಿ ಒಳಗೆ. ಇಲ್ಲಿ ಮರಿ ತಾನೇ ಜಾಗ ಆರಿಸಿಕೊಂಡಿತು. ಥಂಡಿ ಅನಿಸಿದರೆ ಬಲ್ಬಿನ ಕೆಳಗೆ, ಸೆಕೆ ಆದರೆ ಆಚೆ ಬದಿಗೆ. ಒಂದೇ ತೊಂದರೆ: ನೀರನ್ನು ಆಚೆ ತುದಿಗೆ ಇಟ್ಟಿದ್ದೆ, ಬೆಳಗಿನ ಜಾವ ಒಂದೂ ಅತ್ತ ಹೋಗಲಿಲ್ಲ. ನಡುವಿಗೆ ತಂದಿಟ್ಟ ಮೇಲೆ ಕುಡಿದವು. ನನ್ನ ಮತ ಪಕ್ಕದ ಬಲ್ಬಿಗೇ.

ಆದರೆ ಜಾಗಕ್ಕಿಂತ ಕಟ್ಟೋದು ಮುಖ್ಯ. ಐದನೇ ರಾತ್ರಿ ಸುಟ್ಟ ವಾಸನೆಗೆ ಎಚ್ಚರವಾಯ್ತು. ಬರೀ ವೈರಿನ ಮೇಲೆ ತೂಗಿಬಿಟ್ಟಿದ್ದ ಬಲ್ಬ್ ಜಾರಿ ಭತ್ತದ ಹೊಟ್ಟಿನ ಮೇಲೆ ಕೂತಿತ್ತು. ಸುತ್ತ ರೊಟ್ಟಿಯಗಲ ಕಪ್ಪು, ಅಂಚಿನಲ್ಲಿ ಕೆಂಪು ಕೆಂಡದ ಗೆರೆ. ಮರಿಗಳು ಆಚೆ ಬದಿಗೆ ಸೇರಿ ಉಳಿದವು. ಇನ್ನರ್ಧ ಗಂಟೆ ಆಗಿದ್ದರೆ? ನೆನೆಸಿದರೆ ಈಗಲೂ ಎದೆ ಝಲ್ ಅನ್ನುತ್ತೆ. ಅವತ್ತಿನಿಂದ ತೊಲೆಗೆ ಸರಪಳಿ, ಅದರ ಜೊತೆಗೆ ಬೇರೆಯಾಗಿ ಬೈಂಡಿಂಗ್ ವೈರ್, ಬಲ್ಬಿನ ಸುತ್ತ ಜಾಲರಿ. ಒಂದು ಬಿಟ್ಟರೆ ಇನ್ನೊಂದು ಹಿಡಿಯಬೇಕು.

ಕೆಂಪು ಇನ್‌ಫ್ರಾರೆಡ್ ಬಲ್ಬನ್ನೂ ನೋಡಿದೆ, 250 ವ್ಯಾಟಿನದು. ಕಾವು ಜೋರು. ಹತ್ತು ಗಂಟೆಗೆ ಎರಡೂವರೆ ಯೂನಿಟ್ ತಿನ್ನುತ್ತೆ, ನಮ್ಮ 100ರದ್ದು ಒಂದೇ ಯೂನಿಟ್. ಕಡಿಮೆ ಅಂದರೂ ಒಂದೂವರೆ ಅಡಿ ಎತ್ತರ, ಪಿಂಗಾಣಿ ಹೋಲ್ಡರ್ ಬೇಕೇ ಬೇಕು, ಪ್ಲಾಸ್ಟಿಕ್ ಕರಗುತ್ತೆ. ಕಾದ ಗಾಜಿಗೆ ನೀರು ಸಿಡಿದರೆ ಒಡೆಯಬಹುದು. 30 ಮರಿಗೆ ಇದು ಜಾಸ್ತಿಯೇ ಆಯ್ತು.

ಕಾಕಾ ಮಾತ್ರ, "ಸುಮ್ನೆ ಇದ್ದಲಿ ಶೆಗಡಿ ಇಡೋ ತಮ್ಮಾ" ಅಂದರು. ಅದೊಂದು ಮಾತು ಕೇಳಲಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಮರಿಯನ್ನೂ ಕೊಲ್ಲುತ್ತೆ, ಪಕ್ಕದಲ್ಲಿ ಮಲಗಿದವರನ್ನೂ.

ಥರ್ಮಾಮೀಟರ್ ಗೋಡೆಗೆ ಬೇಡ, ಮರಿಯ ಬೆನ್ನಿನ ಎತ್ತರಕ್ಕೆ, ಹೊಟ್ಟಿನಿಂದ ಎರಡು ಇಂಚು ಮೇಲೆ ಇರಲಿ. ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬನ್ನಿ, ಸರಪಳಿಯ ಕೊಂಡಿ ಬದಲಿಸಿದರೆ ಆಯ್ತು. ಕರೆಂಟ್ ಹೋದ ರಾತ್ರಿಗೆ ಬಿಸಿನೀರಿನ ಬಾಟಲಿಗಳನ್ನು ಗೋಣಿಚೀಲದ ತುಂಡಿನಲ್ಲಿ ಸುತ್ತಿ ಒಳಗಿಡುತ್ತೇನೆ. ಐದೇ ನಿಮಿಷದಲ್ಲಿ ಎಲ್ಲವೂ ಅದಕ್ಕೆ ಒರಗಿ ಕೂರುತ್ತವೆ.