ಔಲುವಿನ ಚಳಿಗಾಲಕ್ಕೆ ಮೊಳೆ ಟೈರ್: ಶ್ವಾಲ್ಬೆ ಮ್ಯಾರಥಾನ್ ವಿಂಟರ್ ಪ್ಲಸ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಮಂಜುಗಡ್ಡೆ ಕಚ್ಚಿ ಹಿಡಿಯಲೆಂದು ಮೈಮೇಲೆ ಲೋಹದ ಮೊಳೆಗಳಿರುವ ಈ ಸೈಕಲ್ ಟೈರ್ ಬೇಕಾಗುವುದು ಮೈನಸ್ 20ಕ್ಕಲ್ಲ, ಸೊನ್ನೆ ಡಿಗ್ರಿಗೆ.

ಫಿನ್ಲೆಂಡಿನ ಔಲುವಿನಲ್ಲಿ 900 ಕಿ.ಮೀ. ಆಸುಪಾಸು ಸೈಕಲ್ ದಾರಿ ಇದೆ. ಚಳಿಗಾಲದ ಸೈಕಲ್ ಸವಾರಿ ಬಗ್ಗೆಯೇ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನ 2013ರಲ್ಲಿ ಮೊದಲು ಸೇರಿದ್ದೂ ಇಲ್ಲೇ. ಬಹುತೇಕ ದಾರಿಗಳಲ್ಲಿ ಹಿಮವನ್ನು ಪೂರ್ತಿ ಕೆರೆದು ತೆಗೆಯುವುದಿಲ್ಲ. ಒತ್ತಿ ಗಟ್ಟಿಯಾದ ಒಂದು ಪದರ ಹಾಗೇ ಉಳಿದಿರುತ್ತದೆ. ಮೈನಸ್ 15ರಲ್ಲಿ ಅದು ಒಣಗಿ ಗರಗರ ಎನ್ನುತ್ತದೆ, ಮಾಮೂಲಿ ಟೈರಿಗೂ ಹಿಡಿತ ಸಿಗುತ್ತದೆ. ಫಜೀತಿ ಇರುವುದು ನವೆಂಬರ್‌ನಲ್ಲಿ, ಆಮೇಲೆ ಮಾರ್ಚ್‌ನಲ್ಲಿ. ಹಗಲು ಕರಗುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ, ಬೆಳಿಗ್ಗೆ ಮಂಜುಗಡ್ಡೆಯ ಮೇಲೆ ತೆಳ್ಳಗೆ ನೀರು. ಅದರ ಮೇಲೆ ನಡೆಯುವುದೇ ಕಷ್ಟ. ಈ ಟೈರಿನಲ್ಲಿ ತಿರುವಿನಲ್ಲೂ ನೆಮ್ಮದಿಯಾಗಿ ಹೋಗಬಹುದು.

28 ಇಂಚಿನ ಚಕ್ರದ ಟೈರಿನಲ್ಲಿ 240 ಮೊಳೆಗಳಿವೆ. ತುದಿ ಟಂಗ್‌ಸ್ಟನ್ ಕಾರ್ಬೈಡ್, ಹಾಗಾಗಿ ಡಾಂಬರಿನ ಮೇಲೆ ಓಡಿಸಿದರೂ ಬೇಗ ಸವೆಯುವುದಿಲ್ಲ. ಹೊಸದರಲ್ಲಿ ಒಂದು 40 ಕಿ.ಮೀ. ಡಾಂಬರ್ ರಸ್ತೆಯಲ್ಲಿ ಮೆತ್ತಗೆ ಓಡಿಸಬೇಕು. ಜೋರಾಗಿ ಬ್ರೇಕ್ ಹಾಕಬಾರದು, ಎದ್ದು ನಿಂತು ತುಳಿಯಬಾರದು. ಆಗ ಮೊಳೆಗಳು ರಬ್ಬರಿನಲ್ಲಿ ಗಟ್ಟಿಯಾಗಿ ಕೂರುತ್ತವೆ. ಇದನ್ನು ಬಿಟ್ಟವರೇ ಆಮೇಲೆ ಮೊಳೆ ಉದುರಿತು ಎಂದು ಗೊಣಗುವುದು ಜಾಸ್ತಿ. ಟೈರಿನೊಳಗೆ ಗಾಳಿ ಜಾಸ್ತಿ ಇದ್ದರೆ ಅಂಚಿನ ಸಾಲಿನ ಮೊಳೆಗಳು ನೆಲ ಮುಟ್ಟುವುದಿಲ್ಲ, ಸೈಕಲ್ ಹಗುರಾಗಿ ಓಡುತ್ತದೆ. ಗಾಳಿ ಇಳಿಸಿದರೆ ಎಲ್ಲವೂ ಕಚ್ಚಿಕೊಳ್ಳುತ್ತವೆ. ಮನೆ ಬಿಡುವ ಮುಂಚೆ ಕಿಟಕಿಯಿಂದ ದಾರಿ ನೋಡಿ ಗಾಳಿ ಎಷ್ಟಿರಬೇಕು ಅಂತ ನಿರ್ಧರಿಸುವುದು ಈಗ ಅಭ್ಯಾಸವಾಗಿದೆ.

ಮೊಳೆ ಟೈರ್ ಯಾವ ಕಂಪನಿಯದಾದರೂ ಭಾರ, ಸದ್ದು ಎರಡೂ ಇದ್ದದ್ದೇ. ಬರೀ ಡಾಂಬರ್ ಸಿಕ್ಕಿತೋ, ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತದೆ. ಮುಂದೆ ನಡೆಯುವವರು ತಾವೇ ಪಕ್ಕಕ್ಕೆ ಸರಿಯುತ್ತಾರೆ, ಬೆಲ್ ಬೇಕಿಲ್ಲ! ಒಂದೊಂದು ಟೈರ್ ಒಂದು ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ. ಬೇಸಿಗೆಯಲ್ಲಿ ಗಂಟೆಗೆ 27-28 ಕಿ.ಮೀ. ವೇಗದಲ್ಲಿ ಹೋಗುವವನು ಇಲ್ಲಿ 18ಕ್ಕೆ ಇಳಿಯುತ್ತೇನೆ. ಸವಾರಿಯ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್‌ನಲ್ಲಿ ಸರಾಸರಿ ನೋಡಿದರೆ ಅಳು ಬರುತ್ತದೆ.

ಆದರೆ ಫಿಟ್‌ನೆಸ್ ಲೆಕ್ಕದಲ್ಲಿ ಇದೇ ಲಾಭ ಅಲ್ವಾ? ವೇಗ ಕಡಿಮೆ, ಎದೆಬಡಿತ ಅಷ್ಟೇ. ಹಾಗಾಗಿ ಚಳಿಗಾಲದಲ್ಲಿ ವೇಗ ತೋರಿಸುವ ಪರದೆಯನ್ನೇ ತೆಗೆದು, ಎದೆಬಡಿತ ಮತ್ತು ಸಮಯ ಮಾತ್ರ ಇಟ್ಟುಕೊಂಡಿದ್ದೇನೆ. ಲಿನ್ನನ್ಮಾ ಬಡಾವಣೆಯಿಂದ ಊರೊಳಗೆ ಬಂದು, ಹಾಗೇ ನಲ್ಲಿಕರಿ ಕಡಲತೀರ ಸುತ್ತಿಕೊಂಡು ವಾಪಸ್. ಮಾತಾಡುತ್ತಾ ತುಳಿಯಬಹುದಾದ ನಿಧಾನದ ಸವಾರಿಗೆ ಹೇಳಿ ಮಾಡಿಸಿದ ದಾರಿ. ಏದುಸಿರು ಬರುವ ಹಾಗೆ ತುಳಿಯುವುದನ್ನು ಮಾತ್ರ ಹೊರಗೆ ಮಾಡುವುದಿಲ್ಲ. ಒಣ ತಣ್ಣನೆ ಗಾಳಿ ಗಂಟಲಿಗೆ ಆಗುವುದಿಲ್ಲ, ಬೆವತರೆ ಸಿಗ್ನಲ್‌ನಲ್ಲಿ ನಿಂತಾಗ ಮೈ ಕೊರೆಯುತ್ತದೆ. ಅದಕ್ಕೆ ಮನೆಯಲ್ಲಿ ಟ್ರೈನರ್ ಇದೆ, ಅಂದರೆ ಸೈಕಲ್ ಸಿಕ್ಕಿಸಿ ನಿಂತಲ್ಲೇ ತುಳಿಯುವ ಯಂತ್ರ. ಟ್ರೈನರ್ ಒಂದನ್ನೇ ನಂಬಿದ ವರ್ಷ ಫೆಬ್ರವರಿ ಹೊತ್ತಿಗೆ ಅದರ ಮುಖ ನೋಡಲೂ ಬೇಜಾರಾಗಿತ್ತು. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಮೂರೂವರೆ ಗಂಟೆ. ಆ ಬೆಳಕಿನಲ್ಲಿ ಒಂದು ಗಂಟೆ ಹೊರಗಿದ್ದರೆ ಸಿಗುವ ಹುರುಪು ಗೋಡೆ ನೋಡುತ್ತಾ ತುಳಿದರೆ ಸಿಗುವುದಿಲ್ಲ.

ಬೆಂಗಳೂರಲ್ಲಿ ಭಾನುವಾರ ನಂದಿಬೆಟ್ಟ ಹತ್ತುವ ಗೆಳೆಯರು ಕೇಳುವುದು ಬಟ್ಟೆ ಬಗ್ಗೆ. ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನಿಸಬೇಕು, ಅಷ್ಟು ಸಾಕು. ಮಿಕ್ಕ ಹಣ ಕೈಗವಸು ಮತ್ತು ಬೂಟಿಗೆ ಹಾಕಿ. ಪೆಡಲಿಗೆ ಸಿಕ್ಕಿಸಲು ಅಡಿಯಲ್ಲಿ ಲೋಹದ ಕೊಕ್ಕೆ ಇರುವ ಕ್ಲೀಟ್ ಬೂಟು ಬೇಡ, ಲೋಹದ ಮೂಲಕ ಕಾಲಿನ ಬಿಸಿಯೆಲ್ಲ ಹೋಗುತ್ತದೆ.

ಟೈರ್ ಎಷ್ಟೇ ಚೆನ್ನಾಗಿದ್ದರೂ ಸೈಕಲ್‌ನ ಬೇರೆ ಭಾಗ ಕೈಕೊಡಬಹುದು. ಮೈನಸ್ 25ರ ಒಂದು ಬೆಳಿಗ್ಗೆ ಪೆಡಲ್ ತುಳಿದರೆ ಗಿರ್ರನೆ ಸುಮ್ನೆ ತಿರುಗುತ್ತಿತ್ತು, ಚಕ್ರ ಕದಲಲಿಲ್ಲ. ಹಿಂದಿನ ಚಕ್ರದ ನಡುವಿನ ಹಬ್‌ನೊಳಗಿನ ಗ್ರೀಸ್ ಗಟ್ಟಿಯಾಗಿ ಹಲ್ಲುಗಳು ಕಚ್ಚಿಕೊಳ್ಳುತ್ತಿರಲಿಲ್ಲ. ಆ ಗ್ರೀಸ್ ತೊಳೆದು ತೆಳು ಎಣ್ಣೆ ಹಾಕಿಸಿದ ಮೇಲೆ ಸರಿಹೋಯಿತು. ಸೈಕಲ್ಲನ್ನು ಬೆಚ್ಚನೆ ಕೋಣೆಗೂ ತರುವುದಿಲ್ಲ. ಹಿಮ ಕರಗಿ ಕೇಬಲ್ ಒಳಗೆ ಇಳಿದು, ಹೊರಗೆ ಹೋದ ಕೂಡಲೇ ಗಟ್ಟಿಯಾಗುತ್ತದೆ.

ಪ್ಲಸ್ ಮಾದರಿಯೇ ಯಾಕೆ ಅಂದರೆ ಅದರ ಒಳಗಿನ ಪಂಕ್ಚರ್ ತಡೆಯುವ ಪದರ. ಜಾರದಿರಲೆಂದು ದಾರಿಗೆ ಚೂಪು ಜಲ್ಲಿ ಚೆಲ್ಲುತ್ತಾರೆ, ಹಿಮ ಕರಗಿದಾಗ ಅದೆಲ್ಲ ಮೇಲೆ ಬರುತ್ತದೆ. ಏಪ್ರಿಲ್‌ನಲ್ಲಿ ಪಕ್ಕದವರು ಟ್ಯೂಬ್ ಬದಲಿಸುತ್ತಿದ್ದರೆ ನಾನು ಮುಂದೆ ಹೋಗುತ್ತಿರುತ್ತೇನೆ.

ಒಂದಕ್ಕೆ ಸುಮಾರು 60 ಯೂರೋ. ಎರಡಕ್ಕೂ ದುಡ್ಡು ಕೂಡದಿದ್ದರೆ ಮುಂದಿನ ಚಕ್ರಕ್ಕೆ ಮೊದಲು ಹಾಕಿಸಿ. ಹಿಂದಿನದು ಜಾರಿದರೆ ಕಾಲು ಊರಿ ನಿಲ್ಲಬಹುದು, ಮುಂದಿನದು ಜಾರಿದರೆ ಅಷ್ಟು ಸಮಯ ಇರುವುದಿಲ್ಲ.