ಅಲಂಗ್, ಚೋರ್ ಬಜಾರ್, ಇಂಗ್ಲೆಂಡಿನ ಹರಾಜು: ಹಡಗಿನ ಹಳೆ ಸಾಮಾನು ಎಲ್ಲಿ ಕೊಳ್ಳೋದು?

ಹಡಗಿನ ಹಳೆ ಸಾಮಾನು ಕೂಡಿಸುವ ಹುಚ್ಚು ಹತ್ತಿದವರಿಗೆ ನಮ್ಮಲ್ಲಿ ಮುಖ್ಯವಾಗಿ ಮೂರು ದಾರಿ. ಹಳೆ ಹಡಗು ಒಡೆಯುವ ಗುಜರಾತಿನ ಅಲಂಗ್, ಹಳೆ ಸಾಮಾನು ಮಾರುವ ಮುಂಬೈಯ ಚೋರ್ ಬಜಾರ್, ಆನ್‌ಲೈನ್‌ನಲ್ಲಿ ಇಂಗ್ಲೆಂಡಿನ ಹರಾಜು. ಮುಂಬೈಯಲ್ಲೇ ಇರೋದರಿಂದ ಮೂರನ್ನೂ ಪ್ರಯತ್ನಿಸಿದ್ದೇನೆ. ಯಾವುದು ವಾಸಿ ಅಂತ ಯಾರಾದರೂ ಕೇಳಿದರೆ, ನಿಮಗೆ ಬೇಕಿರೋದು ಅಸಲಿಯೋ, ಹಳೆಯದೋ ಅಂತ ನಾನು ತಿರುಗಿ ಕೇಳುತ್ತೇನೆ. ಅಲಂಗ್‌ನಲ್ಲಿ ಸಿಗೋದು ಅಸಲಿ, ಆದರೆ ಅಷ್ಟೇನೂ ಹಳೆಯದಲ್ಲ. ಚೋರ್ ಬಜಾರಿನದು ನೋಡೋಕೆ ಹಳೆಯದು, ಬಹುಪಾಲು ಅಸಲಿಯಲ್ಲ. ಹರಾಜಿನಲ್ಲಿ ಎರಡೂ ಒಟ್ಟಿಗೆ ಸಿಗಬಹುದು, ಆದರೆ ಮುಟ್ಟಿ ನೋಡುವ ಹಾಗಿಲ್ಲ.

ಅಲಂಗ್ ಇರೋದು ಭಾವನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಖಂಭಾತ್ ಕೊಲ್ಲಿಯ ದಡದಲ್ಲಿ. ಅಲ್ಲಿ ಉಬ್ಬರ ಇಳಿತದ ಅಂತರ ತುಂಬಾ ಜಾಸ್ತಿ. ದೊಡ್ಡ ಉಬ್ಬರದ ದಿನ ಹಡಗನ್ನು ಸೀದಾ ದಡಕ್ಕೆ ಓಡಿಸಿ ಹತ್ತಿಸುತ್ತಾರೆ. ನೀರು ಇಳಿದ ಮೇಲೆ ಅದನ್ನು ಅಲ್ಲೇ ಕತ್ತರಿಸುತ್ತಾರೆ. 1983ರಿಂದ ಈ ಕೆಲಸ ನಡೆಯುತ್ತಿದೆ. ಯಾರ್ಡಿನೊಳಗೆ ಸುಮ್ನೆ ಹೋಗೋಕೆ ಬಿಡುವುದಿಲ್ಲ, ನಮಗೆ ಅದು ಬೇಕಾಗಿಯೂ ಇಲ್ಲ. ತ್ರಾಪಜ್ ಕಡೆಗೆ ಹೋಗುವ ರಸ್ತೆಯ ಎರಡೂ ಬದಿಗೆ ಸಾಲು ಸಾಲು ಅಂಗಡಿಗಳಿವೆ. ಒಂದರಲ್ಲಿ ಬರೀ ಮಂಚ, ಸೋಫಾ. ಇನ್ನೊಂದರಲ್ಲಿ ಕಂಪನಿಯ ಹೆಸರು ಅಚ್ಚಾದ ತಟ್ಟೆ, ಲೋಟ. ಮತ್ತೊಂದರಲ್ಲಿ ಲೈಫ್ ಜಾಕೆಟ್, ಹಗ್ಗ, ದೀಪ.

ಇಲ್ಲಿನ ದೊಡ್ಡ ಲಾಭವೆಂದರೆ ನಕಲಿಯ ಭಯ ಕಡಿಮೆ. ಒಡೆದ ಹಡಗಿನ ರಾಶಿಯೇ ಪಕ್ಕದಲ್ಲಿರುವಾಗ ನಕಲಿ ಮಾಡಿ ಯಾರಿಗೆ ಲಾಭ? ಆದರೆ ಹಡಗು ಯಾವ ಕಾಲದ್ದೋ ಸಾಮಾನೂ ಆ ಕಾಲದ್ದೇ. ಈಗ ಒಡೆಯಲು ಬರುವ ಹಡಗುಗಳು ಹೆಚ್ಚೆಂದರೆ ನಾಲ್ಕೈದು ದಶಕ ಓಡಿದವು. ಅವುಗಳಲ್ಲಿ ಹಿತ್ತಾಳೆಗಿಂತ ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್ಕೇ ಜಾಸ್ತಿ. ಜಪಾನಿ ಅಕ್ಷರದ ಫಲಕವಿರುವ ಗೋಡೆ ದೀಪ, ದಪ್ಪ ಗಾಜಿನ ಪೋರ್ಟ್‌ಹೋಲ್ (ಹಡಗಿನ ದುಂಡು ಕಿಟಕಿ), ಬಲ ಎಡಕ್ಕೆ ಕಟ್ಟುವ ಹಸಿರು ಕೆಂಪು ದೀಪ ಇವೆಲ್ಲ ಧಾರಾಳ. ಹಿತ್ತಾಳೆಯದಾದರೆ ತಕ್ಕಡಿಗೆ ಹಾಕಿ ಕೆಜಿ ಲೆಕ್ಕದಲ್ಲಿ ಬೆಲೆ ಹೇಳುವವರೂ ಇದ್ದಾರೆ. ನನಗೆ ಈ ಲೆಕ್ಕವೇ ಇಷ್ಟ. ಲೋಹದ ಪೇಟೆ ದರ ಗೊತ್ತಿದ್ದರೆ ಚೌಕಾಸಿ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗುತ್ತದೆ. ಆದರೆ ಒಂದು ಒಳ್ಳೆಯ ಪೋರ್ಟ್‌ಹೋಲನ್ನು ರೈಲಿನಲ್ಲಿ ಕೈಲಿ ಹಿಡಿದು ತರುವ ಆಸೆ ಬೇಡ. ಲಾರಿಯವರಿಗೆ ಕೊಡಿ, ಗಾಜನ್ನು ಮಾತ್ರ ಹಾಸಿಗೆ ಚಿಂದಿಯಲ್ಲಿ ಸುತ್ತಿಸಿ.

ಸೆಕ್ಸ್‌ಟೆಂಟ್, ಅಂದರೆ ಕಡಲಲ್ಲಿ ದಾರಿ ತಿಳಿಯಲು ಸೂರ್ಯ, ನಕ್ಷತ್ರಗಳ ಕೋನ ಅಳೆಯುವ ಉಪಕರಣ, ಅಲ್ಲಿ ಅಪರೂಪ. ಸಿಕ್ಕರೂ ಜಪಾನಿನ ಟಮಾಯಾ ತರದ್ದು, ಅಳತೆ ಕೆತ್ತಿದ ಗುಂಡಿಯಂಥ ಡ್ರಮ್ ತಿರುಗಿಸಿ ಓದುವ ಇತ್ತೀಚಿನ ಮಾದರಿ. ಉಪಯೋಗಕ್ಕೆ ಬಹಳ ಚೆನ್ನ, ಷೋಕೇಸಿಗೆ ಸಪ್ಪೆ.

ಚೋರ್ ಬಜಾರಿನ ಕಥೆ ಇದಕ್ಕೆ ಉಲ್ಟಾ. ಭೇಂಡಿ ಬಜಾರಿನ ಪಕ್ಕದ ಮಟನ್ ಸ್ಟ್ರೀಟಿಗೆ ಹೋದರೆ ಅರ್ಧ ಅಂಗಡಿಗಳ ಕಿಟಕಿಯಲ್ಲಿ ಹಿತ್ತಾಳೆ ಸೆಕ್ಸ್‌ಟೆಂಟ್, ದುರ್ಬೀನು, ಮರದ ಪೆಟ್ಟಿಗೆಯ ದಿಕ್ಸೂಚಿ ಹೊಳೆಯುತ್ತಿರುತ್ತವೆ. (ಶುಕ್ರವಾರ ಈ ಅಂಗಡಿಗಳಿಗೆ ರಜೆ. ಅವತ್ತು ಹೋದರೆ ಸಿಗೋದು ಬೀದಿ ಸಂತೆ.) 'ಸಾಬ್, ಸೌ ಸಾಲ್ ಪುರಾನಾ' (ನೂರು ವರ್ಷ ಹಳೆಯದು) ಅನ್ನೋ ಮಾತನ್ನು ಅಲ್ಲಿ ನಂಬೋ ಹಾಗಿಲ್ಲ. ಈ ತರದ ಹಿತ್ತಾಳೆ ಸಾಮಾನು ದೊಡ್ಡ ಪ್ರಮಾಣದಲ್ಲಿ ತಯಾರಾಗೋದು ಉತ್ತರಾಖಂಡದ ರೂರ್ಕಿಯಲ್ಲಿ. ಅಲ್ಲಿಯವರು ಅದನ್ನು ಅಲಂಕಾರದ ಸಾಮಾನು ಅಂತಲೇ ಮಾರುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ದಾರಿಯಲ್ಲಿ ಎಲ್ಲೋ ಅದಕ್ಕೆ ವಯಸ್ಸಾಗಿಬಿಡುತ್ತದೆ.

ನಕಲಿ ಹಿಡಿಯುವ ಸುಲಭದ ದಾರಿ ಅದರ ಮೇಲಿನ ಹೆಸರೇ. 'ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917' ಅಂತ ಕೆತ್ತಿದ ಸೆಕ್ಸ್‌ಟೆಂಟ್ ದೇಶದ ತುಂಬಾ ಸಿಗುತ್ತದೆ. ಕೆಲ್ವಿನ್ ಹೆಸರಿನ ಕಂಪನಿಯೂ ಹೆನ್ರಿ ಹ್ಯೂಸ್ ಅಂಡ್ ಸನ್ ಕಂಪನಿಯೂ ಕೂಡಿ ಒಂದಾದದ್ದು 1947ರಲ್ಲಿ. 1917ರಲ್ಲಿ ಆ ಹೆಸರೇ ಹುಟ್ಟಿರಲಿಲ್ಲ. ಇಷ್ಟು ತಿಳಿದಿದ್ದರೆ ಅರ್ಧ ಬಜಾರು ಅಲ್ಲೇ ಖಾಲಿ.

ಹೆಸರು ಸರಿ ಇದ್ದರೆ ಮುಂದಿನ ಪರೀಕ್ಷೆ ವರ್ನಿಯರ್, ಅಂದರೆ ದೊಡ್ಡ ಅಳತೆಯ ಪಕ್ಕದಲ್ಲಿ ಜರುಗುವ, ಸಣ್ಣ ಭಾಗ ಓದುವ ಪುಟ್ಟ ಅಳತೆಪಟ್ಟಿ. ಭೂತಗನ್ನಡಿ ಜೇಬಲ್ಲಿರಲಿ. ವರ್ನಿಯರಿನ ಸೊನ್ನೆಯನ್ನು ಕೆಳಗಿನ ದೊಡ್ಡ ಅಳತೆಯ ಯಾವುದಾದರೂ ಗೆರೆಗೆ ಸರಿಯಾಗಿ ಕೂರಿಸಿ. ಆಗ ವರ್ನಿಯರಿನ ಕೊನೆಯ ಗೆರೆಯೂ ಒಂದು ಗೆರೆಗೆ ಕೂಡಬೇಕು, ನಡುವಿನ ಯಾವುದೂ ಕೂಡಬಾರದು. ಅಸಲಿ ಉಪಕರಣದಲ್ಲಿ ಗೆರೆಗಳು ಬೆಳ್ಳಿಯ ಪಟ್ಟಿಯ ಮೇಲೆ ಕೂದಲಷ್ಟು ಸಣ್ಣಗೆ ಇರುತ್ತವೆ. ನಕಲಿಯಲ್ಲಿ ಗೆರೆ ದಪ್ಪ, ಎಲ್ಲೂ ಯಾವುದೂ ಕೂಡುವುದಿಲ್ಲ. ಅಂಗಡಿಯವರು ಈ ಪರೀಕ್ಷೆ ನೋಡಿ ಬೇಜಾರು ಮಾಡಿಕೊಳ್ಳುವುದಿಲ್ಲ. ಕೆಲವರು ನಕ್ಕು ಒಳಗಿನ ಕಪಾಟು ತೆಗೆಯುತ್ತಾರೆ. ನನ್ನ ಮಟ್ಟಿಗೆ ಚೋರ್ ಬಜಾರಿನ ನಿಜವಾದ ಬೆಲೆ ಇದೇ, ಕಣ್ಣು ಪಳಗುತ್ತದೆ. ಕೊಳ್ಳೋದಾದರೆ ಸಣ್ಣ ಪುಟ್ಟದ್ದು ಕೊಳ್ಳಿ: ದೀಪ, ಬೀಗ, ಫಲಕ. ಷೋಕೇಸಿಗೆ ಎರಡು ಮೂರು ಸಾವಿರದ ನಕಲಿ ಸೆಕ್ಸ್‌ಟೆಂಟೇ ಸಾಕು ಅನ್ನುವವರಿಗೂ ನನ್ನ ತಕರಾರಿಲ್ಲ. ಅದಕ್ಕೆ ನಕಲಿಯ ಬೆಲೆಯನ್ನೇ ಕೊಡಿ, ಅಷ್ಟೇ.

ಅಸಲಿಯೂ ಹಳೆಯದೂ ಆದ ಉಪಕರಣ ಬೇಕೇ ಬೇಕು ಅಂದರೆ ಹರಾಜೇ ಗತಿ. ನನ್ನ ಹತ್ತಿರ ಇರುವ ಹೀತ್ ಕಂಪನಿಯ ಸೆಕ್ಸ್‌ಟೆಂಟ್ ಎರಡನೇ ಮಹಾಯುದ್ಧದ ಕಾಲದ್ದು. ಪೆಟ್ಟಿಗೆಯ ಮುಚ್ಚಳದ ಒಳಗೆ ಪರೀಕ್ಷೆಯ ಚೀಟಿ ಅಂಟಿಸಿದೆ. ಉಪಕರಣದ ನಂಬರು, ತಾರೀಖು, ಯಾವ ಕೋನದಲ್ಲಿ ಎಷ್ಟು ಸೆಕೆಂಡು (ಗಡಿಯಾರದ್ದಲ್ಲ, ಕೋನದ ಅಳತೆ) ತಪ್ಪು ತೋರಿಸುತ್ತದೆ ಎಲ್ಲವೂ ಅದರಲ್ಲಿದೆ. ಚೀಟಿಯ ನಂಬರೂ ಲೋಹದ ಮೇಲಿನ ನಂಬರೂ ಒಂದೇ ಇದ್ದರೆ ಬೇರೆ ಮಾತು ಬೇಡ. ಬಾಂದ್ರಾದ ಬಂಡೆಗಳ ಮೇಲೆ ನಿಂತು ಅದನ್ನು ಸೊನ್ನೆಗೆ ಇಟ್ಟು ಕಡಲಂಚು ನೋಡಿದೆ. ಕನ್ನಡಿಯಲ್ಲಿ ಕಂಡ ಗೆರೆಯೂ ನೇರ ಕಂಡ ಗೆರೆಯೂ ಒಂದೇ ಆಗಿ ಕೂತವು. ಆ ಖುಷಿ ಅಲಂಗ್ ಕೊಡಲಿಲ್ಲ.

ಖರ್ಚಿನ ಮಾತು ಬೇರೆ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ಅದರ ಮೇಲೆ ಸಾಗಣೆ, ಆಮೇಲೆ ಕಸ್ಟಮ್ಸ್. ಮನೆಗೆ ಬರುವಾಗ ಒಂದೂವರೆ ಪಟ್ಟು ದಾಟಿರುತ್ತದೆ. ಪಾದರಸದ ಬ್ಯಾರೋಮೀಟರ್, ಒಳಗೆ ಸ್ಪಿರಿಟ್ ತುಂಬಿದ ದಿಕ್ಸೂಚಿ ಇವನ್ನು ವಿಮಾನದಲ್ಲಿ ಮಾಮೂಲಿ ಪಾರ್ಸೆಲಿನಂತೆ ಕಳಿಸಲು ಬಿಡುವುದಿಲ್ಲ, ಕೂಗುವ ಮೊದಲೇ ಕೇಳಿಕೊಳ್ಳಿ. ಕತ್ತಲಲ್ಲಿ ಹೊಳೆಯಲೆಂದು ಮುಳ್ಳಿಗೆ ಬಣ್ಣ ಬಳಿದ ಹಳೆಯ ಮೀಟರುಗಳಲ್ಲಿ ರೇಡಿಯಂ ಇರಬಹುದು. ಅಂಥದ್ದರ ಗಾಜು ಬಿಚ್ಚಲು ಹೋಗಬೇಡಿ.

ಕಾನೂನಿನ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನು ನಮ್ಮಿಷ್ಟಕ್ಕೆ ದೇಶದಿಂದ ಆಚೆ ಕಳಿಸುವ ಹಾಗಿಲ್ಲ. ಅಮೆರಿಕದ ಮಗಳಿಗೆ ಅಂತ ಅಜ್ಜನ ಕಾಲದ ದುರ್ಬೀನು ಪಾರ್ಸೆಲ್ ಮಾಡೋಕೆ ಹೊರಟರೆ ತೊಂದರೆ. ಅಲಂಗ್ ಸಾಮಾನಿಗೆ ಈ ರಗಳೆ ಇಲ್ಲ.

ಇನ್ನು ತಿಕ್ಕುವ ವಿಷಯ. ಪೋರ್ಟ್‌ಹೋಲಿಗೆ ಹುಣಸೆಹಣ್ಣು ಹಾಕಿ ಎಷ್ಟು ಬೇಕಾದರೂ ತಿಕ್ಕಿ. ಸೆಕ್ಸ್‌ಟೆಂಟಿಗೆ ಬೇಡ. ಅದರ ಕಪ್ಪು ಲೇಪ ಹೋದರೆ ಬೆಲೆಯೂ ಹೋಯಿತು, ಬೆಳ್ಳಿ ಪಟ್ಟಿಯ ಗೆರೆಗಳೂ ಸವೆದವು.

ಒಟ್ಟಿನಲ್ಲಿ ಗೋಡೆಗೆ, ಬಾಗಿಲಿಗೆ, ಬಾಲ್ಕನಿಗೆ ಬೇಕಾದ್ದು ಅಲಂಗ್‌ನಿಂದ. ಅಳೆಯುವ ಉಪಕರಣ ಹರಾಜಿನಿಂದ. ಕ್ರೊನೊಮೀಟರ್ ಅಂದರೆ ಹಡಗಿನ ಗಡಿಯಾರ ಮಾತ್ರ ಎಲ್ಲೇ ಕಂಡರೂ ನಿಧಾನ. ಅಮೆರಿಕದ ಹ್ಯಾಮಿಲ್ಟನ್ ಇರಲಿ, ಸೋವಿಯತ್ ಕಾಲದ ಪೊಲ್ಯೋಟ್ ಇರಲಿ, ಒಳಗಿನ ಬ್ಯಾಲೆನ್ಸ್ ಚಕ್ರವನ್ನು ಅಲುಗದಂತೆ ಕಟ್ಟದೆ ಸಾಗಿಸಿದರೆ ಸೂಕ್ಷ್ಮ ಭಾಗ ಮುರಿಯುತ್ತದೆ, ರಿಪೇರಿ ಮಾಡುವವರು ಸಿಗೋದು ಕಷ್ಟ. ಚಕ್ರಕ್ಕೆ ಬಿರಡೆಯ ತುಂಡು ಸಿಕ್ಕಿಸಿ ಕಳಿಸುತ್ತೇನೆ ಅಂತ ಮಾರುವವನೇ ತಾನಾಗಿ ಹೇಳಿದರೆ ವ್ಯಾಪಾರ ಮುಂದುವರಿಸಿ.