ಲೆಮನ್ ಬಾಮ್ ನೆಲದಲ್ಲಿ ನೆಡುವ ಮುನ್ನ ಇದನ್ನು ಓದಿ

ಲೆಮನ್ ಬಾಮ್ ಅಂದರೆ ಎಲೆಗೆ ನಿಂಬೆಯ ಘಮ ಇರುವ, ಚಹಾಕ್ಕೆ ಬಳಸುವ ಗಿಡ. ಅದನ್ನು ಮಾರಿದವರು ನನಗೆ ಹೇಳಿದ್ದು, "ಇದು ಪುದೀನ ಥರ ಹಬ್ಬಲ್ಲ, ಧೈರ್ಯವಾಗಿ ನೆಡಿ" ಅಂತ. ಆ ಮಾತು ಅರ್ಧ ಮಾತ್ರ ನಿಜ. ಪುದೀನ ಮಣ್ಣಿನೊಳಗೇ ಕಾಂಡ ಚಾಚಿಕೊಂಡು ದೂರ ಹೋಗುತ್ತದೆ. ಲೆಮನ್ ಬಾಮ್ ಅದರ ಕುಟುಂಬದ್ದೇ ಆದರೂ ಇದ್ದಲ್ಲೇ ಪೊದೆಯಾಗಿ ದಪ್ಪ ಆಗುತ್ತದೆ. ಆದರೆ ಬೀಜ? ಅದರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಇದರ ಹೂ ಬಿಳಿ, ತೀರಾ ಚಿಕ್ಕದು. ಎಲೆಗಳ ಬುಡದಲ್ಲಿ ಅಡಗಿರುವುದರಿಂದ ಕಣ್ಣಿಗೆ ಬೀಳುವುದೇ ಕಡಿಮೆ. ಜೇನ್ನೊಣಗಳು ಮುತ್ತಿದಾಗ ನನಗೆ ಖುಷಿಯೇ ಆಗಿತ್ತು. ಒಂದೊಂದು ಹೂವಿನಲ್ಲೂ ನಾಲ್ಕು ಬೀಜದವರೆಗೆ ಕಟ್ಟುತ್ತದೆ. ಬೆಳಕು ಬಿದ್ದರೆ ಸಾಕು, ಮಣ್ಣು ಮುಚ್ಚದೆಯೇ ಮೊಳೆಯುತ್ತವೆ. ಮುಂದಿನ ಮಳೆಗೆ ಕೊತ್ತಂಬರಿ ಪಾತಿ, ಕಲ್ಲಿನ ಸಂದು, ಗುಲಾಬಿಯ ಬುಡ, ಎಲ್ಲ ಕಡೆ ಇದರದೇ ಮರಿಗಳು. ಕೊತ್ತಂಬರಿ ಮೇಲೇಳಲೇ ಇಲ್ಲ. ಎಳೆ ಸಸಿಗಳು ಒದ್ದೆ ಮಣ್ಣಿನಲ್ಲಿ ಸುಲಭವಾಗಿ ಬರುತ್ತವೆ. ಬಲಿತ ಮೇಲೆ ಬೇರು ಗಟ್ಟಿ ಹಿಡಿದುಕೊಳ್ಳುತ್ತದೆ, ಬುಡದ ತುಂಡು ಉಳಿದರೆ ಮತ್ತೆ ಚಿಗುರುತ್ತದೆ. ತಾಯಿ ಗಿಡ ಕಿತ್ತ ಮೇಲೂ ಮರಿಗಳು ಏಳುತ್ತಲೇ ಇವೆ.

ಕೊಯ್ಲೂ ಹಾಳಾಯಿತು. ನನಗೆ ಜಾಸ್ತಿ ಬೇಜಾರಾಗಿದ್ದು ಇದಕ್ಕೇ. ಹೂ ಬಿಟ್ಟ ಮೇಲೆ ಎಲೆ ಸಣ್ಣದಾಗಿ ಹಳದಿ ತಿರುಗಿತು, ನಿಂಬೆಯ ಘಮ ಇಳಿದುಹೋಯಿತು. ಆ ಘಮ ಕೊಡುವ ಎಣ್ಣೆ ಎಲೆಯಲ್ಲಿ ಇರುವುದೇ ತುಂಬಾ ಸ್ವಲ್ಪ, ಒಣಗಿಸುವಾಗ ಅದರಲ್ಲೂ ಒಂದಷ್ಟು ಹಾರಿಹೋಗುತ್ತದೆ. ಡಬ್ಬಿ ತುಂಬಾ ಒಣಗಿಸಿಟ್ಟ ಎಲೆಯಲ್ಲಿ ಕುದಿಸಿದ ಚಹಾಕ್ಕೆ ಬರೀ ಒಣಹುಲ್ಲಿನ ವಾಸನೆ. ಎಲ್ಲ ಚೆಲ್ಲಿದೆ.

ಹಾಗಾಗಿ ಕುಂಡದಲ್ಲೇ ನೆಡಿ, ಅದೂ ಮೊಗ್ಗಿನ ಮೇಲೆ ಕಣ್ಣಿಟ್ಟು. ಮೊಗ್ಗು ಕಂಡ ಕೂಡಲೇ ಬುಡದಿಂದ ನಾಲ್ಕು ಬೆರಳಷ್ಟು ಬಿಟ್ಟು ಇಡೀ ಗಿಡ ಕತ್ತರಿಸಿ. ಪಾಪ ಅನ್ನಿಸಬಹುದು, ಆದರೆ ನೀರು ಸಿಕ್ಕರೆ ಚೆನ್ನಾಗಿ ಚಿಗುರುತ್ತದೆ. ಆ ಹೊಸ ಎಲೆಯೇ ನಿಜವಾದ ಬೆಳೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ನೆರಳಲ್ಲಿ ತೆಳುವಾಗಿ ಹರಡಿ ಒಣಗಿಸಿ, ಗುಡ್ಡೆ ಹಾಕಿದರೆ ಕಪ್ಪಾಗುತ್ತದೆ.

ಈಗಾಗಲೇ ಬೀಜ ಕಟ್ಟಿದ್ದರೆ ಆ ತೆನೆಗಳನ್ನು ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಮನೆಯ ಗುಂಡಿ ಬೀಜ ಸಾಯುವಷ್ಟು ಬಿಸಿಯಾಗುವುದು ಅಪರೂಪ. ಆ ಗೊಬ್ಬರ ಹಾಕಿದ ಕಡೆಯೆಲ್ಲ ಲೆಮನ್ ಬಾಮ್ ಬಿತ್ತಿದ ಹಾಗೇ ಆಗುತ್ತದೆ.